ಮಂಜಿನಲ್ಲಿ ಹಿಡಿದ ರಟ್ಟೆ

ನಮ್ಮ ಕಡೆ ಮಂಜು ಬಿದ್ದರೆ ಅವರೆಕಾಯಿಗೆ ಸೊಗಡು ಬರುತ್ತದೆ. ಪುಷ್ಯಮಾಸದ ಬೆಳಗಿನಲ್ಲಿ ಹೊಲದ ಬದುವಿನ ಮೇಲೆ ನಡೆದರೆ ಪಂಚೆಯ ಅಂಚು ತೊಯ್ಯುತ್ತದೆ, ಬಿಸಿಲೇರಿದ ಮೇಲೆ ಒಣಗುತ್ತದೆ. ಮಂಜಿನಿಂದ ನಮಗೆ ಗೊತ್ತಿದ್ದ ಕೆಡುಕೆಂದರೆ ನೆಗಡಿ ಒಂದೇ. ಹಾಗಾಗಿ ನನ್ನ ಗೆಳೆಯ ಮಂಜಿನಲ್ಲಿ ಸತ್ತ ಎಂದು ನಾನು ಊರಿಗೆ ಬಂದು ಹೇಳಿದಾಗ ಯಾರಿಗೂ ಅರ್ಥವಾಗಲಿಲ್ಲ. ಹನೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು, "ಮಂಜಿಗ್ಯಾಕಪ್ಪ ಸಾಯ್ಬೇಕು? ತಲೆಗೊಂದು ವಲ್ಲಿ ಸುತ್ಕಂಡಿದ್ರೆ ಆಗ್ತಿರ್ನಿಲ್ವಾ?" ಎಂದರು. ನನಗೆ ರೇಗಿಹೋಯಿತು. ಮುಖ ತಿರುಗಿಸಿಕೊಂಡು ಕೂತೆ. ಎರಡು ವರ್ಷದ ಹಿಂದೆ ಯಾರಾದರೂ ನನಗೆ ಹೇಳಿದ್ದರೆ ನಾನೂ ಅದೇ ಮಾತು ಆಡುತ್ತಿದ್ದೆ.

ನಾನು ಧನಗೆರೆಯವನು, ಅವನು ಶಾಗ್ಯದವನು. ಆಗ ಕೊಳ್ಳೇಗಾಲ ಮದ್ರಾಸಿನ ಆಡಳಿತಕ್ಕೆ ಸೇರಿತ್ತು, ಮಗ್ಗುಲಿನ ಯಳಂದೂರು ಮೈಸೂರಿನದು. ದಂಡಿಗೆ ಆಳು ಸೇರಿಸುವವರು ಕೊಳ್ಳೇಗಾಲಕ್ಕೆ ಬಂದ ದಿನ ನಾವಿಬ್ಬರೂ ಸಾಲಿನಲ್ಲಿ ಹಿಂದೆ ಮುಂದೆ ನಿಂತಿದ್ದೆವು. ಹೆಸರು ಬರೆದುಕೊಂಡವನು ಮದ್ರಾಸಿನವರೆಲ್ಲ ತಮಿಳರೇ ಎಂದುಕೊಂಡು ನಮ್ಮನ್ನು ತಮಿಳರ ಜೊತೆ, ರಸ್ತೆ ಮಾಡುವ ಮತ್ತು ಹೊರೆ ಹೊರುವ ತುಕಡಿಗೆ ಹಾಕಿದ. ಅಲ್ಲಿ ಕನ್ನಡದ ಬಾಯಿ ಎಂದರೆ ನಮ್ಮವೆರಡೇ. ಅವನು ವಾಚಾಳಿ, ನಾನು ಮುಂಗೋಪಿ. ಅವನು ದಿನವೆಲ್ಲ ನನ್ನನ್ನು ಕೆಣಕುತ್ತಿದ್ದ, ನಾನು ದಿನವೆಲ್ಲ ಬೈಯುತ್ತಿದ್ದೆ. ಅದರಲ್ಲೇ ನಮ್ಮ ಸ್ನೇಹ ಬೆಳೆಯಿತು.

ಒಮ್ಮೆ ರಜೆಯಲ್ಲಿ ಅವನ ಜೊತೆ ಶಾಗ್ಯಕ್ಕೆ ಹೋಗಿದ್ದೆ. ಅವನ ಅಮ್ಮ ಅವನು ಚಿಕ್ಕವನಿದ್ದಾಗಲೇ ತೀರಿಹೋಗಿದ್ದಳು. ಅಕ್ಕನೇ ಸಾಕಿದವಳು. ಅವಳನ್ನು ಅದೇ ಊರಿನಲ್ಲಿ ಸೋದರಮಾವನಿಗೇ ಕೊಟ್ಟಿದ್ದರು, ಅಪ್ಪನೂ ಅವಳ ಮನೆಯಲ್ಲೇ ಇದ್ದರು. ಮಕ್ಕಳು, ದನ, ಕೋಳಿ ಎಲ್ಲ ಸೇರಿ ಮನೆ ಸದಾ ಗಿಜಿಗುಟ್ಟುತ್ತಿತ್ತು. ಅಪ್ಪನನ್ನು ಎಲ್ಲರೂ ಅಯ್ಯ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಆ ರಜೆಯಲ್ಲಿ ಒಂದು ದಿನ ನಾವಿಬ್ಬರೂ ಕಾಡಿನ ದಾರಿಯಲ್ಲಿ ಬರುತ್ತಿದ್ದಾಗ ಬಿದಿರ ಮೆಳೆಯ ಹಿಂದಿನಿಂದ ಆನೆಯೊಂದು ದಾರಿಗೆ ಇಳಿಯಿತು. ನಾನು ಬಯಲಿನವನು, ಆನೆಯನ್ನು ಅಷ್ಟು ಹತ್ತಿರ ಕಂಡವನೇ ಅಲ್ಲ. ಕಾಲು ಕಿತ್ತಿಡಲಾಗಲಿಲ್ಲ. ಅವನು ನನಗಿಂತ ಬಹಳ ಮುಂದಿದ್ದ, ಓಡಿಹೋಗಬಹುದಿತ್ತು. ಓಡಲಿಲ್ಲ. ಮೆಲ್ಲಗೆ ಹಿಂದಕ್ಕೆ ಬಂದು ನನ್ನ ರಟ್ಟೆ ಹಿಡಿದುಕೊಂಡು, ಆನೆ ತನ್ನ ಪಾಡಿಗೆ ದಾಟಿಹೋಗುವ ತನಕ ಉಸಿರೆತ್ತದೆ ನಿಂತ. ಆಮೇಲೆ ನಗುತ್ತ, "ಕಾಡ್ನಲ್ಲಿ ಒಬ್ನ ಬುಟ್ಟು ಒಬ್ಬ ಓಗ್ಬಾರ್ದು ಕಣ್ಲಾ. ಕಾಲ್ ನಡುಗ್ದವನ ರಟ್ಟೆ ಇಡ್ಕಬೇಕು. ನಮ್ಮೂರಲ್ಲಿ ಇಷ್ಟೇ ಕಾನೂನು," ಎಂದ. ನಿಜವಾಗಿಯೂ ಅಲ್ಲಿ ಅಷ್ಟೇ ಕಾನೂನು. ಶಾಗ್ಯದ ಕಡೆಯವರು ಸೌದೆಗೆ ಹೋಗಲಿ, ಬೆಟ್ಟಕ್ಕೆ ಹೋಗಲಿ, ಒಬ್ಬರ ಹಿಮ್ಮಡಿಗೆ ಇನ್ನೊಬ್ಬರ ಹೆಬ್ಬೆರಳು ತಾಗುವಂತೆ ನಡೆಯುತ್ತಾರೆ. ಹಿಂದುಳಿದವನಿಗೆ ಕಾಯುತ್ತಾರೆ. ಕಾಯದೆ ಬಂದವನನ್ನು ಊರು ಮರೆಯುವುದಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ ನಮ್ಮ ತುಕಡಿಯನ್ನು ಬಡಗಲ ಬೆಟ್ಟಗಳಿಗೆ ಕಳಿಸಿದರು. ಅಲ್ಲಿ ಮೊದಲ ಸಲ ಅದನ್ನು ನೋಡಿದೆವು. ಓದಿದವರು ಹಿಮ ಎನ್ನುತ್ತಾರೆ. ನಮಗೆ ಬೇರೆ ಹೆಸರು ಗೊತ್ತಿಲ್ಲದೆ ಮಂಜು ಎಂದೇ ಕರೆದೆವು. ಹಾಗೆ ಕರೆದದ್ದೇ ಕೆಟ್ಟದ್ದಾಯಿತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಊರಿನ ಹೆಸರಿಟ್ಟೊಡನೆ ಅದು ಊರಿನ ವಸ್ತುವೇ ಎಂಬ ಸಲಿಗೆ ಬಂದುಬಿಟ್ಟಿತು. ಅವನಂತೂ ಮೊದಲ ದಿನ ಅದನ್ನು ಬೊಗಸೆಯಲ್ಲಿ ತುಂಬಿಕೊಂಡು, "ಅವ್ರೆ ಹಾಕಿದ್ರೆ ಎಂತಾ ಸೊಗಡು ಬರದು ನೋಡ್ಲಾ," ಎಂದು ನನ್ನ ಕೊರಳೊಳಕ್ಕೆ ಸುರಿದ.

ನಮಗೆ ದಾರಿ ತೋರಿಸಲು ಆ ಬೆಟ್ಟದವನೇ ಒಬ್ಬ ಮುದುಕನನ್ನು ಗೊತ್ತುಮಾಡಿದ್ದರು. ಅವನ ಹಿಂದೂಸ್ತಾನಿ ಅರ್ಧ, ನಮ್ಮದು ಕಾಲು. ಆದರೂ ಅವನು ಹೇಳಿಕೊಟ್ಟದ್ದು ನನಗೆ ಚೆನ್ನಾಗಿಯೇ ತಿಳಿಯಿತು. ತಿಳಿಯಲಿಲ್ಲ ಎಂದು ಹೇಳಿ ಪಾರಾಗುವ ಹಾಗಿಲ್ಲ.

ಅವನು ಹೇಳಿದ್ದು ಇಷ್ಟು. ಮಂಜು ಬಿದ್ದ ಮೇಲೆ ಒಂದೇ ಮುದ್ದೆಯಾಗಿ ಕೂರುವುದಿಲ್ಲ, ಪದರ ಪದರವಾಗಿ ಕೂರುತ್ತದೆ. ಹಳೆಯ ಪದರ ಬಿಸಿಲಿಗೆ ಕರಗಿ ರಾತ್ರಿ ಹೆಪ್ಪುಗಟ್ಟಿ ನುಣ್ಣಗಾಗಿರುತ್ತದೆ. ಅದರ ಮೇಲೆ ಹೊಸದು ಬಿದ್ದರೆ ಎರಡಕ್ಕೂ ಬೆಸುಗೆಯಿಲ್ಲ, ಭಾರ ಹೆಚ್ಚಾದರೆ ಮೇಲಿನದು ಇಡಿಯಾಗಿ ಕಿತ್ತು ಜಾರಿಬಿಡುತ್ತದೆ. ಗಾಳಿ ಬೀಸಿದ್ದರೆ ಇನ್ನೂ ಕೆಟ್ಟದ್ದು. ಗಾಳಿ ಒಂದು ಮಗ್ಗುಲಿನ ಮಂಜನ್ನೆಲ್ಲ ಗುಡಿಸಿ ಇನ್ನೊಂದು ಮಗ್ಗುಲಿನಲ್ಲಿ ರಾಶಿ ಹಾಕಿರುತ್ತದೆ. ನೋಡಲು ತೊಟ್ಟಿಲ ಹಾಸಿಗೆಯಂತೆ ಇರುವ ಜಾಗವೇ ಅಪಾಯದ ಜಾಗ. ಕಾಲಡಿ 'ಧೊಪ್' ಎಂದು ಟೊಳ್ಳು ಸದ್ದು ಬಂದರೆ, ಬಂದ ಹೆಜ್ಜೆಯಲ್ಲೇ ಹಗುರವಾಗಿ ಹಿಂದಕ್ಕೆ ಹೋಗಬೇಕು. ಹೊಸ ಮಂಜು ಬಿದ್ದಮೇಲೆ ಒಂದೆರಡು ದಿನ ಕಾದರೆ ಒಳ್ಳೆಯದು. ಕಾಯಲಾಗದಿದ್ದರೆ ಬಿಸಿಲೇರುವ ಮುಂಚೆ ದಾಟಬೇಕು. ಮಂಜು ಜಾರಿದರೆ ಕೂಡಲೇ ಕಳಚಿ ಎಸೆಯಲು ಹೊರೆಯ ಪಟ್ಟಿ ಸಡಿಲ ಮಾಡಿಕೊಂಡಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವನು ದಿನಾ ಹೇಳುತ್ತಿದ್ದ. ಇಳಿಜಾರನ್ನು ಒಬ್ಬೊಬ್ಬನೇ ದಾಟಬೇಕು. ಒಬ್ಬ ದಾಟುವಾಗ ಉಳಿದವರು ಬಂಡೆಯ ಮರೆಯಲ್ಲಿ ನಿಂತು ಅವನ ಮೇಲಿಂದ ಕಣ್ಣು ತೆಗೆಯಬಾರದು. ಮಂಜು ಅವನನ್ನು ಎಳೆದುಕೊಂಡು ಹೋದರೆ, ಕಡೆಯ ಸಲ ಕಂಡ ಜಾಗವನ್ನು ಗುರುತಿಟ್ಟುಕೊಳ್ಳಬೇಕು. ಅಲ್ಲಿಂದ ಕೆಳಗೆ ಹುಡುಕಬೇಕು. ಬೇಗ ತೆಗೆದರೆ ಬದುಕುತ್ತಾನೆ. ಆದರೆ ಇಳಿಜಾರಿನ ಮೇಲೆ ನಿಂತವನ ಬಳಿ ಹೋಗಬಾರದು, ಎಷ್ಟೇ ಕೂಗಿದರೂ ಹೋಗಬಾರದು. "ಏಕ್, ಏಕ್," ಎಂದು ಬೆರಳೆತ್ತಿ ತೋರಿಸುತ್ತಿದ್ದ.

ನನ್ನ ಗೆಳೆಯನಿಗೆ ಇದು ನುಂಗಲಾರದ ಮಾತಾಗಿತ್ತು. "ಇದ್ಯಾವ ಸೀಮೆ ನ್ಯಾಯ್ವಲಾ? ಸಾಯೋನ್ನ ನೋಡ್ಕಂಡು ನಿಂತ್ಕಬೇಕಂತೆ," ಎಂದು ಮುದುಕನ ಬೆನ್ನ ಹಿಂದೆ ಅಣಕಿಸುತ್ತಿದ್ದ. ನಾನೂ ನಗುತ್ತಿದ್ದೆ.

ಆ ದಿನಕ್ಕೆ ಮುಂಚೆ ಎರಡು ದಿನ ಗಾಳಿಯ ಜೊತೆ ಮಂಜು ಬಿದ್ದಿತ್ತು. ಬೆಳಿಗ್ಗೆ ಆಕಾಶ ತಿಳಿಯಾಯಿತು. ಕಣಿವೆಯ ಆಚೆ ಇದ್ದವರಿಗೆ ಬೇಳೆ, ಸೀಮೆಎಣ್ಣೆ ಮುಟ್ಟಿಸಬೇಕಾಗಿತ್ತು. ಮುದುಕ ಇನ್ನೊಂದು ದಿನ ಕಾಯೋಣ ಎಂದು ಗೊಣಗಿದ, ಕೊನೆಗೆ ಬಿಸಿಲೇರುವ ಮುಂಚೆಯಾದರೆ ಆಗಲಿ ಎಂದು ಹೊರಟ. ನಾವು ಮೂವರೇ. ದಾರಿಯಲ್ಲಿ ದಾಟಬೇಕಾದದ್ದು ಒಂದೇ ಒಂದು ಬೋಳು ಇಳಿಜಾರು. ಅಗಲ ಒಂದು ಸಾಧಾರಣ ರಾಗಿಹೊಲದಷ್ಟು. ಮುದುಕ ಮೊದಲು ದಾಟಿ ಆಚೆಯ ಬಂಡೆಯ ಬಳಿ ನಿಂತು ಕೈಯೆತ್ತಿದ. ಆಮೇಲೆ ಗೆಳೆಯ ಹೊರಟ. ನಾನು ಈಚೆಯ ಬಂಡೆಗೆ ಒರಗಿ ಅವನನ್ನೇ ನೋಡುತ್ತಿದ್ದೆ.

ಅವನು ಅರ್ಧ ದಾಟಿರಬೇಕು. ಧೊಪ್ ಎಂದಿತು. ನನಗೂ ಕೇಳಿಸಿತು. ಅವನು ನಿಂತುಬಿಟ್ಟ. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಆಮೇಲೆ ಕತ್ತು ಮಾತ್ರ ತಿರುಗಿಸಿ, "ಲೇ, ಬಾರ್ಲಾ. ಕಾಲ್ ಬತ್ತಿಲ್ಲ ಕಣ್ಲಾ," ಎಂದ.

ಮುದುಕ ಆಚೆಯಿಂದ ಎರಡೂ ಕೈ ಬೀಸಿ, ಬೇಡ ಬೇಡ ಎಂದು ಕಿರುಚುತ್ತಿದ್ದ. ನಾನು ನೋಡಿದೆ. ಅದರ ಅರ್ಥವೂ ನನಗೆ ಗೊತ್ತಿತ್ತು. ಆದರೆ ನನ್ನ ಕಣ್ಣೆದುರಿಗೆ ಇದ್ದದ್ದು ಕಾಲು ನಡುಗುತ್ತ ನಿಂತ ಗೆಳೆಯ. ಅವನು ನನ್ನ ರಟ್ಟೆ ಹಿಡಿದಿದ್ದ. ನಾನು ಅವನ ರಟ್ಟೆ ಹಿಡಿಯದೆ ಬಂಡೆಗೆ ಒರಗಿ ನಿಂತಿದ್ದರೆ ನಾನು ಯಾವ ಸೀಮೆಯ ಮನುಷ್ಯ? ಹೊರೆ ಇಳಿಸಿ ಹೊರಟೆ. ಅವನ ಹೆಜ್ಜೆಗಳ ಮೇಲೇ ಹೆಜ್ಜೆ ಇಟ್ಟೆ. ಅವನ ಬಳಿ ಹೋಗಿ ರಟ್ಟೆ ಹಿಡಿದೆ. "ಬಂದ್ಯಾ?" ಎಂದು ನಕ್ಕ. ಅವನ ಮುಖಕ್ಕೆ ಬಣ್ಣ ಮರಳಿದ್ದನ್ನು ನಾನು ನೋಡಿದೆ.

ನಮ್ಮ ಮೇಲುಗಡೆ ಬಟ್ಟೆ ಹರಿದ ಹಾಗೆ ಸದ್ದಾಯಿತು. ಇಳಿಜಾರಿಗೆ ಅಡ್ಡಲಾಗಿ ಒಂದು ಬಿರುಕು ಓಡಿತು. ಆಮೇಲೆ ನೆಲವೇ ಹೊರಟಿತು. ನನ್ನ ಕೈಯಲ್ಲಿ ಅವನ ರಟ್ಟೆ ಎಲ್ಲಿಯ ತನಕ ಇತ್ತು ಎಂದು ಎಷ್ಟು ನೆನೆದರೂ ನೆನಪಾಗುವುದಿಲ್ಲ. ಮಂಜು ಜಾರುವುದು ನಿಂತಾಗ ನಾನು ಎದೆಯ ತನಕ ಹೂತಿದ್ದೆ, ತಲೆ ಹೊರಗಿತ್ತು. ಮಂಜು ಸುತ್ತಲೂ ಗಾರೆಯಂತೆ ಬಿಗಿದುಕೊಂಡಿತ್ತು. ಹೆದರಿ ಕೂಗಿಕೊಂಡೆ. ನಾನು ಕೂಗಿದ್ದರಿಂದ ಮುದುಕ ಮೊದಲು ನನ್ನ ಹತ್ತಿರ ಬಂದ, ನನ್ನನ್ನು ಕೆದಕಿ ತೆಗೆದ. ಅಷ್ಟು ಹೊತ್ತು ಹಾಳಾಯಿತು. ಆಮೇಲೆ ಇಬ್ಬರೂ ಕೋಲು ಚುಚ್ಚಿ ಚುಚ್ಚಿ ಹುಡುಕಿದೆವು. ಅವನು ಮುಳುಗಿದ ಜಾಗ ಮುದುಕ ನಿಂತಿದ್ದ ಕಡೆಯಿಂದ ಕಂಡಿರಲಿಲ್ಲ, ಈಚೆಯ ಬಂಡೆಯ ಬಳಿ ನಾನು ನಿಂತಿದ್ದರೆ ಇಂಥದ್ದೇ ಎಂದು ಹೇಳಬಹುದಿತ್ತು. ನಾನು ಅಲ್ಲಿ ಇರಲಿಲ್ಲವಲ್ಲ. ಸಿಕ್ಕಾಗ ಬಿಸಿಲು ನೆತ್ತಿಗೆ ಬಂದಿತ್ತು. ಅವನ ಮೈಮೇಲೆ ಒಂದು ಗಾಯವಿರಲಿಲ್ಲ.

ದಂಡು ಬಿಟ್ಟು ಬಂದವನು ಮೊದಲು ಹೋದದ್ದು ಶಾಗ್ಯಕ್ಕೆ. ಕಾಗದ ಆಗಲೇ ಬಂದಿತ್ತು, ಅತ್ತು ಮುಗಿದಿತ್ತು. ಅಕ್ಕ ನನ್ನನ್ನು ಜಗಲಿಯ ಮೇಲೆ ಕೂರಿಸಿ ಕೇಳಿದ್ದು ಒಂದೇ ಪ್ರಶ್ನೆ.

"ಒಬ್ನೇ ಇದ್ನಾ?"

"ಇಲ್ಲಕ್ಕ. ನಾನಿದ್ದೆ. ರಟ್ಟೆ ಇಡ್ಕಂಡಿದ್ದೆ," ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಒಬ್ನೇ ಬುಡ್ನಿಲ್ವಲ್ಲ. ಅಷ್ಟು ಸಾಕು ಕಣಪ್ಪ," ಎಂದಳು. ಅಯ್ಯ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಆ ಕೈ ತಲೆಯ ಮೇಲಿರುವಷ್ಟು ಹೊತ್ತೂ ನನಗೆ ಅಲ್ಲಿಂದ ಎದ್ದು ಓಡಬೇಕೆನ್ನಿಸುತ್ತಿತ್ತು.

ಯಳಂದೂರಿನ ಕಡೆ ರಸ್ತೆ ಕೆಲಸದ ಮೇಸ್ತ್ರಿಯಾಗಿ ಸೇರಿಕೊಂಡೆ. ಬಿಡುವು ಸಿಕ್ಕಾಗೆಲ್ಲ ಬಸ್ಸು ಹತ್ತಿ ಕೊಳ್ಳೇಗಾಲ, ಅಲ್ಲಿಂದ ಹನೂರು, ಅಲ್ಲಿಂದ ಶಾಗ್ಯ. ಆ ಮನೆಯಲ್ಲಿ ನಾನು ಮಗನಾಗಿಬಿಟ್ಟೆ. ಬಂದವರಿಗೆಲ್ಲ ಅಯ್ಯ ನನ್ನನ್ನು ತೋರಿಸಿ, "ನನ್ ಮಗ ಒಬ್ನೇ ಸಾಯ್ನಿಲ್ಲ ಕಣ್ರಪ್ಪ. ಇವ್ನು ರಟ್ಟೆ ಬುಡ್ನಿಲ್ಲ," ಎನ್ನುತ್ತಿದ್ದರು. ಆಮೇಲೆ ಮಗಳ ಕಡೆ ತಿರುಗಿ, "ಅಲ್ವೇನವ್ವ?" ಎನ್ನುತ್ತಿದ್ದರು. "ಊಂ ಕಣಯ್ಯ, ಬುಡ್ನಿಲ್ಲ," ಎನ್ನುತ್ತಿದ್ದಳು ಅಕ್ಕ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ನೆಮ್ಮದಿ ಇರುತ್ತಿತ್ತು. ತಮ್ಮ ಹೋದ, ಆದರೆ ಅನಾಥನ ಹಾಗೆ ಹೋಗಲಿಲ್ಲ ಎಂಬ ನೆಮ್ಮದಿ. ಅವಳ ಪಾಲಿಗೆ ಉಳಿದದ್ದು ಅದೊಂದೇ.

ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಮೂರನೆಯ ವರ್ಷ ಪಿತೃಪಕ್ಷಕ್ಕೆ ಕರೆದರು. ನಮ್ಮ ಕಡೆ ಸತ್ತವರಿಗೆ ಎಡೆಯಿಟ್ಟು, ಹೊಸ ಬಟ್ಟೆಯಿಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಆ ಬಟ್ಟೆಯನ್ನು ಮನೆಯವರು ಯಾರಾದರೂ ಉಡುತ್ತಾರೆ. ಅವನಿಗೆಂದು ಇಟ್ಟಿದ್ದ ಪಂಚೆಯನ್ನು ಅಯ್ಯ ತೆಗೆದು ನನ್ನ ಕೈಗೆ ಕೊಟ್ಟರು. "ನೀನೇ ಉಟ್ಕ ಮಗ, ನಿನ್ಬುಟ್ರೆ ಇನ್ಯಾರ್ಗದೆ?" ಎಂದರು. ಬೇಡ ಎನ್ನಲಾಗಲಿಲ್ಲ. ಉಟ್ಟುಕೊಂಡೆ. ಮೈಮೇಲೆ ಕೆಂಡ ಹರಡಿದ ಹಾಗಾಯಿತು.

ಮಾರನೆಯ ಬೆಳಿಗ್ಗೆ ಗಂಡಸರೆಲ್ಲ ಹೊಲಕ್ಕೆ ಹೋದ ಮೇಲೆ ಅಕ್ಕ ಪಡಸಾಲೆಯಲ್ಲಿ ರಾಗಿಹಿಟ್ಟು ಜರಡಿ ಹಿಡಿಯುತ್ತ ಕೂತಿದ್ದಳು. ನಾನು ಎದುರಿಗೆ ಕೂತು ಹೇಳಿಬಿಟ್ಟೆ. ಅವನು ಸತ್ತದ್ದು ನಾನು ರಟ್ಟೆ ಹಿಡಿದದ್ದರಿಂದಲೇ ಎಂದೆ. ಅವಳಿಗೆ ತಲೆಬುಡ ತಿಳಿಯಲಿಲ್ಲ. "ಉಚ್ಚಪ್ಪ, ಜೊತೇಗಿದ್ರೆ ಯಾರಾದ್ರೂ ಸಾಯ್ತಾರಾ? ಮಂಜು ಕಣಪ್ಪ ಅದು, ನೀನೇನ್ಮಾಡಿಯೆ?" ಎಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅಷ್ಟು ಬುದ್ಧಿ ಇದ್ದಿದ್ದರೆ ಈ ಬರವಣಿಗೆಯೇ ಬೇಕಿರಲಿಲ್ಲ. ಈ ಸೀಮೆಯಲ್ಲಿ ನನ್ನ ತಪ್ಪನ್ನು ತಪ್ಪೆಂದು ತಿಳಿಯಬಲ್ಲವರು ಒಬ್ಬರೂ ಇಲ್ಲವಲ್ಲ ಎಂದು ನನಗೆ ಹಟ ಬಂದಿತ್ತು.

ಅವಳ ಮೊರ ತೆಗೆದುಕೊಂಡೆ. ಸಗಣಿ ಮೆಂತ್ಯ ಸವರಿ ಒಣಗಿಸಿದ ಮೊರ, ನುಣ್ಣಗಿತ್ತು. ಅದರ ಮೇಲೆ ಹಿಟ್ಟು ಹರಡಿದೆ. ಮೊರ ಹಳೇ ಮಂಜು, ಹಿಟ್ಟು ಹೊಸದು ಎಂದೆ. ಮೊರವನ್ನು ವಾಲಿಸಿ ಹಿಡಿದು ಮಧ್ಯದಲ್ಲಿ ಒಂದು ಹುಣಸೆಬೀಜ ಇಟ್ಟೆ. ಇದು ಅವನು. ನಿಂತಿತು. ಪಕ್ಕದಲ್ಲಿ ಇನ್ನೊಂದು ಇಟ್ಟೆ. ಇದು ನಾನು. ಏನೂ ಆಗಲಿಲ್ಲ. ಎರಡೂ ಹಾಗೇ ಕೂತಿದ್ದವು.

"ಅಂಗಲ್ಲ ಕಣಪ್ಪ, ಇನ್ನೊಂದ್ ಚೂರು ವಾಲಿಸ್ಬೇಕು, ತತ್ತಾ ಇಲ್ಲಿ," ಎಂದು ಅವಳು ಮೊರವನ್ನು ಕಸಿದುಕೊಂಡಳು. ಹುಟ್ಟಿದಾಗಿನಿಂದ ಮೊರ ಹಿಡಿದ ಕೈ ಅದು. ಒಂದು ಬೀಜವನ್ನು ತೆಗೆದು, ಹಿಟ್ಟು ಇನ್ನೇನು ಜಾರಬೇಕು ಎನ್ನುವಷ್ಟು ವಾಲಿಸಿ ನಿಲ್ಲಿಸಿದಳು. ಆಮೇಲೆ ಆ ಬೀಜವನ್ನು ತಾನೇ ಮೊದಲಿನದರ ಪಕ್ಕಕ್ಕೆ ಇಟ್ಟಳು. ಹಿಟ್ಟು ಒಂದೇ ಹಾಳೆಯಾಗಿ ಜಾರಿ ಅವಳ ಮಡಿಲಿಗೆ ಬಿತ್ತು.

ಅವಳು ಮಡಿಲಿನ ಹಿಟ್ಟಿನಿಂದ ಎರಡೂ ಬೀಜಗಳನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡಳು.

"ಅಂಗಾರೆ ನೀನು ಓಗ್ದೆ ಇದ್ದಿದ್ರೆ ನಿಂತಿರ್ತಿತ್ತಾ?"

"ನಿಂತಿರ್ತಿತ್ತೇನೋ ಅಕ್ಕ."

"ಏನೋ ಗೀನೋ ಅನ್ಬೇಡ. ನಿಂತಿರ್ತಿತ್ತಾ, ಇಲ್ವಾ?"

"ನಿಂತಿರ್ತಿತ್ತು," ಎಂದೆ.

ನನಗೆ ಅದು ಗೊತ್ತಿರಲಿಲ್ಲ. ಹೆಣ ಸಿಕ್ಕಿದ ದಿನ ಮುದುಕನನ್ನು ನಾನು ಇದೇ ಪ್ರಶ್ನೆ ಕೇಳಿದ್ದೆ. ಅವನು ಇಳಿಜಾರನ್ನು ನೋಡಿ, ಒಬ್ಬನಿಗೇ ಕಿತ್ತುಬರಬಹುದಿತ್ತು, ಹತ್ತು ಜನಕ್ಕೂ ನಿಲ್ಲಬಹುದಿತ್ತು, ಯಾರು ಹೇಳುತ್ತಾರೆ ಎಂದಿದ್ದ. ಅಕ್ಕನಿಗೆ ಆ ಮಾತನ್ನು ನಾನು ಹೇಳಲಿಲ್ಲ. ಅವಳು ಬೈಯಲಿ, ಮೊರದಿಂದ ಹೊಡೆಯಲಿ, ಅಲ್ಲಿಗೆ ನನ್ನ ಹೊರೆ ಇಳಿಯಲಿ ಎಂದು ಕಾಯುತ್ತಿದ್ದೆ. ಎಂಥ ಸ್ವಾರ್ಥ ನೋಡಿ. ಅವಳ ಕೈಯಲ್ಲಿದ್ದ ಒಂದೇ ಒಂದು ಸಮಾಧಾನವನ್ನು, ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಿ ಕಿತ್ತುಕೊಂಡೆ.

ಅವಳು ಬೈಯಲಿಲ್ಲ. ಮಡಿಲಿನ ಹಿಟ್ಟನ್ನು ಒಂದು ಚೂರೂ ಚೆಲ್ಲದೆ ಪಾತ್ರೆಗೆ ತುಂಬಿದಳು. ಎದ್ದು ಸೀರೆ ಕೊಡವಿಕೊಂಡು, "ಇದ ಅಯ್ಯನ್ ತಾವ ಏಳ್ಬೇಡ. ಅವ್ರು ಬದುಕಿರೋಗಂಟ ನೀನು ರಟ್ಟೆ ಇಡಿದವ್ನೇ," ಎಂದಳು. ಆಮೇಲೆ ಮಾಮೂಲಿನಂತೆ ಒಲೆ ಹಚ್ಚಿದಳು.

ಆ ಮಧ್ಯಾಹ್ನವೇ ಯಾರೋ ನೆಂಟರು ಬಂದರು. ಅಯ್ಯ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಮಾತು ಹೇಳಿದರು. "ಅಲ್ವೇನವ್ವ?" ಎಂದು ತಿರುಗಿದರು. ಅಕ್ಕ ಮುದ್ದೆ ಇಕ್ಕುತ್ತಿದ್ದವಳು ಅದೇ ದನಿಯಲ್ಲಿ, "ಊಂ ಕಣಯ್ಯ, ಬುಡ್ನಿಲ್ಲ," ಎಂದಳು. ನನ್ನ ತಟ್ಟೆಗೆ ಮುದ್ದೆ ಹಾಕಿದಳು. ಮುಖ ನೋಡಲಿಲ್ಲ.

ನಾನು ಹೋಗುವುದನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಅಯ್ಯ ಆಳು ಕಳಿಸಿ ಕರೆಸುತ್ತಿದ್ದರು, ಮಗ ಮುನಿಸಿಕೊಂಡನಾ ಎಂದು ಕೇಳುತ್ತಿದ್ದರು. ಹಾಗಾಗಿ ಹೋಗುತ್ತಿದ್ದೆ. ಪ್ರತಿ ಸಲವೂ ಯಾರಾದರೊಬ್ಬರು ಬಂದಿರುತ್ತಿದ್ದರು, ಪ್ರತಿ ಸಲವೂ ಅಯ್ಯ ಹೇಳುತ್ತಿದ್ದರು, ಅವಳು ಹೂಂಗುಟ್ಟುತ್ತಿದ್ದಳು. ಅವಳ ಬಾಯಿಂದ ಆ ಮಾತು ಬರುವುದನ್ನು ತಡೆಯಲು ನನ್ನಿಂದ ಆಗಲಿಲ್ಲ. ನಾಲ್ಕು ವರ್ಷ ಹೀಗೇ ನಡೆಯಿತು.

ಕೊಳ್ಳೇಗಾಲ ಮೈಸೂರಿಗೆ ಸೇರುವುದಕ್ಕೆ ಒಂದು ವರ್ಷ ಮುಂಚೆ ಅಯ್ಯ ತೀರಿಕೊಂಡರು. ಕಡೆಯ ವಾರದಲ್ಲಿ ನೋಡಲು ಬಂದವರಿಗೂ ಅದೇ ಮಾತು ಹೇಳಿದ್ದರಂತೆ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನೆಂಟರು ಹೊರಟ ಮೇಲೆ ನಾನು ಚೀಲ ತೆಗೆದುಕೊಂಡು ಜಗಲಿಗೆ ಬಂದೆ. ಅಕ್ಕ ಹಿಂದೆಯೇ ಬಂದಳು. ತಲೆಯಲ್ಲಿ ಬಿಳಿ ಕೂದಲು ಬಂದಿದ್ದನ್ನು ನಾನು ಆಗಲೇ ಗಮನಿಸಿದ್ದು.

"ಉಂಡ್ಯಾ?" ಎಂದಳು.

"ಉಂಡೆ ಅಕ್ಕ."

"ಇನ್ಮೇಕೆ ನೀನು ಬರ್ಬೇಡ ಕಣಪ್ಪ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅಯ್ಯ ಇರೋಗಂಟ ಏಳ್ದೆ. ಇನ್ನು ಆ ಸುಳ್ಳೇಳಕೆ ನನ್ ಕೈಲಾಗಕಿಲ್ಲ."

ನಾನು ಹೂಂ ಎಂದು ಮೆಟ್ಟಿಲು ಇಳಿದೆ. ಹನೂರಿನ ತನಕ ನಡೆದೇ ಬಂದೆ. ಶಾಗ್ಯಕ್ಕೆ ಮತ್ತೆ ಹೋಗಲಿಲ್ಲ.